ಸ್ಪಷ್ಟವಾಗಿ ಕಿರುಚಿದರು

ನಾಳೆ ಸಂಜೆಯ ಸಮಾರಂಭದಲ್ಲಿ ಮುಖ್ಯ ಅತಿಥಿಗಳು ಏನು ಮಾತನಾಡುತ್ತಾರೆ ಎಂಬುದನ್ನು ಇವತ್ತು ಮಧ್ಯಾಹ್ನ ಊಟಕ್ಕೆ ಕೂರುವ ಮೊದಲೇ ಹೇಳಿಬಿಡಬಲ್ಲ ಮಹಾನುಭಾವರೊಬ್ಬರು ಅರಸೀಕೆರೆಯಲ್ಲಿದ್ದಾರೆ. ಜ್ಯೋತಿಷಿಗಳೇನಲ್ಲ, ನನ್ನ ಅಕ್ಕನ ಗಂಡ. ಜಿಲ್ಲೆಯ ಒಂದು ದಿನಪತ್ರಿಕೆಗೆ ಮೂವತ್ತು ವರ್ಷದಿಂದ ತಾಲ್ಲೂಕು ವರದಿಗಾರರು.

ಇದರಲ್ಲಿ ಪವಾಡವೇನೂ ಇಲ್ಲ. ಅವರ ಪತ್ರಿಕೆಯ ತಾಲ್ಲೂಕು ಪುಟ ಸಂಜೆ ಐದಕ್ಕೆ ಮುಚ್ಚುತ್ತದೆ. ನಮ್ಮ ಕಡೆ ನಾಲ್ಕು ಗಂಟೆಯ ಸಮಾರಂಭ ಶುರುವಾಗುವುದೇ ಆರಕ್ಕೆ. ನಡುವಿನ ಈ ಕಂದಕವನ್ನು ಭಾವ ಒಂದು ಆಹ್ವಾನ ಪತ್ರಿಕೆ ಹಿಡಿದುಕೊಂಡು ದಾಟುತ್ತಾರೆ. ಕಾರ್ಡಿನಲ್ಲಿ ಸ್ವಾಗತ ಯಾರದೆಂದಿದೆಯೋ ಅವರು ಸ್ವಾಗತಿಸಿದರು, ವಂದನಾರ್ಪಣೆ ಯಾರದೆಂದಿದೆಯೋ ಅವರು ವಂದಿಸಿದರು. ಅತಿಥಿಗಳು ಮಾತನಾಡಿ, ಯುವಜನತೆ ದುಶ್ಚಟಗಳಿಂದ ದೂರವಿರಬೇಕೆಂದು ಕರೆ ನೀಡಿದರು. ಮೂವತ್ತು ವರ್ಷದಲ್ಲಿ ಯಾವ ಅತಿಥಿಯೂ ಭಾವನ ಮಾತು ಮೀರಿ ನಡೆದಿಲ್ಲ. ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ತಡವಾಗಿ ಬಂದ ಗಣ್ಯರೊಬ್ಬರು ಇವರನ್ನು ಪಕ್ಕಕ್ಕೆ ಕರೆದು, "ಏನ್ ಮಾತಾಡ್ಲಿ ಸಾರ್ ಇವತ್ತು?" ಎಂದು ಕೇಳಿದರಂತೆ. ಭಾವ ಜೇಬಿನಿಂದ ಹಾಳೆ ತೆಗೆದುಕೊಟ್ಟು, "ಆಗ್ಲೇ ಮಾತಾಡಿ ಆಗಿದೆ. ಇದನ್ನೇ ಇನ್ನೊಂದ್ ಸಲ ಹೇಳ್ಬಿಡಿ" ಎಂದರಂತೆ.

ಈ ಅಭ್ಯಾಸ ಎಷ್ಟು ಹಳೆಯದು ಎಂದು ತಿಳಿಯಬೇಕಾದರೆ ನಮ್ಮಕ್ಕನನ್ನು ಕೇಳಬೇಕು. ಅವರ ಮದುವೆಯ ಮರುದಿನ ಪತ್ರಿಕೆಗೆ ರಜೆ. ಸುದ್ದಿ ಹಳಸಿಹೋದೀತೆಂದು ಭಾವ ಮುನ್ನಾದಿನವೇ ತಮ್ಮ ಮದುವೆಯ ವರದಿ ಕಳಿಸಿಬಿಟ್ಟಿದ್ದರು. ಹತ್ತೂವರೆಗೆ ಮುಹೂರ್ತ. ಬೆಳಗ್ಗೆ ಆರಕ್ಕೆ ಛತ್ರಕ್ಕೆ ಬಂದ ಪೇಪರಿನಲ್ಲಿ ಮದುವೆ ಮುಗಿದು, ಬಂದವರೆಲ್ಲ ಊಟ ಮಾಡಿ, ಊಟ ರುಚಿಕಟ್ಟಾಗಿತ್ತೆಂದೂ ಹೇಳಿಯಾಗಿತ್ತು. ಅಡಿಗೆಯವರು ಆಗಿನ್ನೂ ಬೇಳೆ ಆರಿಸುತ್ತಿದ್ದರು.

"ವಧು ನಾಚಿ ತಲೆ ತಗ್ಗಿಸಿದ್ದರು ಅಂತ ಬರ್ದಿದ್ರು ಕಣೋ" ಎನ್ನುತ್ತಾಳೆ ಅಕ್ಕ. "ಓದಿದ್ದೇ ಬಂತು ನೋಡು ಸಿಟ್ಟು. ಧಾರೆ ಮುಗಿಯೋವರ್ಗೂ ಬೇಕೂಂತ್ಲೇ ತಲೆ ಎತ್ಕಂಡ್ ಕೂತಿದ್ದೆ."

ನಿಜ. ಮದುವೆಯ ಆಲ್ಬಮ್ಮಿನ ಎಲ್ಲ ಫೋಟೋಗಳಲ್ಲೂ ಅಕ್ಕ ಛತ್ರದ ಫ್ಯಾನು ನೋಡುತ್ತಿದ್ದಾಳೆ.

ಇಂಥ ಮನುಷ್ಯನ ಹೊಟ್ಟೆಯಲ್ಲಿ ಹುಟ್ಟಿದವಳು ಪೂರ್ಣಿ. ಬೇಲೂರಿನ ಒಂದು ಪಿಯು ಕಾಲೇಜಿನಲ್ಲಿ ಲೆಕ್ಕದ ಮೇಡಂ. ಶನಿವಾರ ಭಾನುವಾರ ಮಾತ್ರ ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಾಳೆ. ನಾಲ್ಕು ಜನರ ತಂಡ, ಹೆಸರು 'ಒಣಕೊಬ್ಬರಿ'. ಹಾಡುವವನು ಕಣಕಟ್ಟೆಯ ನಂಜುಂಡ, ತೆಂಗಿನ ತೋಟದವನು. ಇವರ ಅಭ್ಯಾಸವೆಲ್ಲ ಅವನ ಮನೆಯ ಕೊಬ್ಬರಿ ಅಟ್ಟದ ಕೆಳಗೆ. ಅಟ್ಟದಲ್ಲಿ ಹಾಕಿದ ಕಾಯಿ ಒಣಗಿ, ಕರಟ ಬಿಟ್ಟು, ಕೊಬ್ಬರಿಯಾಗುವುದಕ್ಕೆ ವರ್ಷ ಹಿಡಿಯುತ್ತದೆ. "ಇವ್ರು ಬಡಿಯಾಕ್ ಸುರು ಮಾಡ್ದಾಗಿಂದ ಎಲ್ಡ್ ತಿಂಗ್ಳು ಮುಂಚೆನೇ ಕರಟ ಬಿಡ್ತಾ ಐತೆ" ಎಂದು ನಂಜುಂಡನ ಅಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ತಂಡಕ್ಕೆ ಸಿಕ್ಕ ಮೊದಲ ಒಳ್ಳೆಯ ವಿಮರ್ಶೆ ಅದು.

ಎರಡನೆಯದು ಪತ್ರಿಕೆಯಲ್ಲಿ ಬರಬೇಕಿತ್ತು. ಬಂತು. ಬೇಲೂರಿನಲ್ಲಿ ಒಂದು ಸಂಘದ ವಾರ್ಷಿಕೋತ್ಸವದಲ್ಲಿ ತಂಡ ಒಂದು ಗಂಟೆ ಬಾರಿಸಿತ್ತು. ಭಾವನ ವರದಿಯಲ್ಲಿ ವೇದಿಕೆ ಮೇಲಿದ್ದ ಹದಿನೆಂಟು ಜನರ ಹೆಸರು ಇನಿಷಿಯಲ್ ಸಮೇತ ಅಚ್ಚಾಗಿತ್ತು. ಕೊನೆಗೆ, "ಬಳಿಕ ಯುವಕರಿಂದ ಸಂಗೀತ ರಸಮಂಜರಿ ನಡೆಯಿತು. ಮುಂತಾದವರು ಉಪಸ್ಥಿತರಿದ್ದರು."

ಪೂರ್ಣಿ ಪೇಪರ್ ಹಿಡಿದುಕೊಂಡು ಅಡಿಗೆಮನೆಗೇ ಬಂದಳು. ಭಾವ ಕಾಫಿ ಕುಡಿಯುತ್ತಿದ್ದರು; ನಾನೂ ಇದ್ದೆ.

"ಅಪ್ಪ, ಯುವಕರಿಂದ ಅಂತ ಬರ್ದಿದೀಯ."

"ಕಾರ್ಡಲ್ಲಿ ಹಾಗೇ ಇತ್ತು."

"ಮುಂತಾದವರು ಅಂದ್ರೆ ಯಾರು?"

"ನೀನೇ ಕಣಮ್ಮ."

ಆಮೇಲೆ ಒಂದು ವಾರ ಮನೆಯಲ್ಲಿ ಅವಳನ್ನು ಎಲ್ಲರೂ ಮುಂತಾದವರು ಎಂದೇ ಕರೆದೆವು. "ಮುಂತಾದವರಿಗೆ ಇನ್ನೊಂದ್ ದೋಸೆ ಹಾಕ್ಲಾ?" ಎಂದು ಅಕ್ಕ ಕೇಳಿದ ದಿನ ಮಾತ್ರ ಅವಳು ನಗಲಿಲ್ಲ. ತಟ್ಟೆಯ ಕಡೆ ನೋಡುತ್ತಲೇ ನನ್ನೊಬ್ಬನಿಗೆ ಕೇಳಿಸುವ ಹಾಗೆ ಹೇಳಿದಳು: "ಹೆಸರು ಬರ್ದೇ ಇದ್ರೂ ಪರ್ವಾಗಿಲ್ಲ ಮಾಮ. ಒಂದೇ ಒಂದ್ ಸಲ ಕೂತು ಕೇಳಿ ಬರೀಲಿ."

ನಾನು ಭಾವನಿಗೆ ಮುಟ್ಟಿಸಿದೆ. ಅವರು ಅದನ್ನು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡರು. ಮಗಳಿಗೆ ವರದಿ ಸಾಲದು, ವಿಮರ್ಶೆ ಬೇಕು ಎಂದು. ಹಗರೆಯಲ್ಲಿ ಹಾಲಿನ ಸಂಘದವರು ತಂಡವನ್ನು ಕರೆಸಿದಾಗ ಭಾವ ಹೋದರು ಕೂಡ. ಮೊದಲ ಹಾಡು ಕೇಳಿ, ಮಿಕ್ಕವೂ ಹೀಗೇ ಇರುತ್ತವೆಂದು ತೀರ್ಮಾನಿಸಿ, ಮುಂದಿನ ಬಸ್ಸಿಗೆ ವಾಪಸಾದರು. ವಿಮರ್ಶೆ ಹೀಗಿತ್ತು: "ಶಾಮಿಯಾನ ಅಚ್ಚುಕಟ್ಟಾಗಿತ್ತು. ಕುಡಿಯುವ ನೀರಿನ ಕೊರತೆ ಎದ್ದು ಕಾಣುತ್ತಿತ್ತು. ಗಾಯಕರು ಸ್ಪಷ್ಟವಾಗಿ ಕಿರುಚಿದರು."

ಮಗಳು ಕೂಗಾಡುತ್ತಾಳೆಂದುಕೊಂಡಿದ್ದೆವು. ತಂಡದವರು ಆ ಕೊನೆಯ ಸಾಲನ್ನು ದೊಡ್ಡ ಅಕ್ಷರದಲ್ಲಿ ಪೋಸ್ಟರಿನ ಮೇಲೆ ಹಾಕಿಸಿಕೊಂಡರು. ಸ್ಪಷ್ಟವಾಗಿ ಕಿರುಚಿದರು: ಪತ್ರಿಕಾ ವಿಮರ್ಶೆ. ಭಾವ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಅದನ್ನು ಕಂಡು, "ನೋಡಿದ್ಯೇನಯ್ಯ, ನನ್ ಭಾಷೆ ಹೇಗೆ ನಿಲ್ತು" ಎಂದು ನನಗೆ ಫೋನ್ ಮಾಡಿದರು.

ಇಲ್ಲಿಯವರೆಗೆ ಎಲ್ಲ ತಮಾಷೆಯೇ. ಹಳೇಬೀಡಿನ ಪ್ರಕರಣದಿಂದ ಸ್ವಲ್ಪ ಬಿಗಿಯಾಯಿತು.

ಬೆಂಗಳೂರಿನಲ್ಲೊಂದು ಸಂಗೀತೋತ್ಸವ. ಊರೂರಿನ ಸಣ್ಣ ತಂಡಗಳನ್ನು ಆರಿಸಿ ಕರೆಸುತ್ತಾರಂತೆ. ಅರ್ಜಿಯ ಜೊತೆ ಇತ್ತೀಚಿನ ಒಂದು ಕಾರ್ಯಕ್ರಮದ ಪತ್ರಿಕಾ ವಿಮರ್ಶೆ ಕಳಿಸಬೇಕು. ಶನಿವಾರ ಕೊನೆಯ ದಿನ. ಅದಕ್ಕೆ ಆರು ದಿನ ಮುಂಚೆ, ಭಾನುವಾರ ಸಂಜೆ, ಹಳೇಬೀಡಿನ ಒಂದು ಕಲ್ಯಾಣ ಮಂಟಪದಲ್ಲಿ ತಂಡದ ಕಾರ್ಯಕ್ರಮವಿತ್ತು. ಪೂರ್ಣಿ ಅಪ್ಪನ ಮುಂದೆ ಕೂತು, ನಾಲ್ವರ ಹೆಸರು, ಎಂಟು ಹಾಡುಗಳ ಪಟ್ಟಿ, ಯಾವ ಹಾಡು ಯಾವುದರ ಬಗ್ಗೆ, ಎಲ್ಲ ಬರೆದುಕೊಟ್ಟು, "ಈ ಸಲ ಬರ್ತೀಯ ತಾನೆ?" ಎಂದಳು.

"ಬರ್ದೇ ಇರ್ತೀನಾ" ಎಂದರು ಭಾವ.

ಆದರೆ ಅಷ್ಟು ಸೊಗಸಾದ ಪಟ್ಟಿ ಕೈಯಲ್ಲಿದ್ದ ಮೇಲೆ ಮೂವತ್ತು ವರ್ಷದ ಕೈ ಸುಮ್ಮನಿರುತ್ತದೆಯೆ? ಭಾನುವಾರ ಮಧ್ಯಾಹ್ನ ಮೂರೂವರೆಗೆ ಅವರ ವಿಮರ್ಶೆ ಹೋಗಿಬಿಟ್ಟಿತ್ತು. ಇನ್ನು ಅಲ್ಲಿಗೆ ಹೋಗಿ ಮಾಡುವುದೇನೆಂದು ಮನೆಯಲ್ಲೇ ಉಪ್ಪಿಟ್ಟು ತಿನ್ನುತ್ತಾ ಕೂತರು.

ಐದು ಗಂಟೆಗೆ ಹಳೇಬೀಡಿನಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಕರೆಂಟಿಲ್ಲದೆ ಗಿಟಾರ್ ಸದ್ದು ಮಾಡುವುದಿಲ್ಲ, ಮೈಕಂತೂ ಕಬ್ಬಿಣದ ಸೌಟು. ಏಳರವರೆಗೆ ಕಾದು, ಬಂದವರಿಗೆಲ್ಲ ಕೈ ಮುಗಿದು, ತಂಡದವರು ಸಾಮಾನು ಕಟ್ಟಿಕೊಂಡು ಬಂದರು.

ಸೋಮವಾರದ ಪತ್ರಿಕೆಯಲ್ಲಿ ಅರ್ಧ ಪುಟ. 'ಹಳೇಬೀಡಿನಲ್ಲಿ ಮೊಳಗಿದ ಒಣಕೊಬ್ಬರಿ.' ಭಾವ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಎಂಟು ಹಾಡಿನ ಬಗ್ಗೆಯೂ ಒಂದೊಂದು ಮಾತು, ನಾಲ್ವರ ಹೆಸರು, ಡ್ರಮ್ಸಿಗೆ ಪ್ರತ್ಯೇಕ ಪ್ಯಾರಾ. ಜನ ಕೂತಲ್ಲೇ ತೂಗುತ್ತಿದ್ದರಂತೆ. ಆ ಬೆಳಗ್ಗೆ ಹಳೇಬೀಡಿನಿಂದ ಆಟೋ ಚಾಲಕನೊಬ್ಬ ಭಾವನಿಗೆ ಫೋನ್ ಮಾಡಿದ. "ಏನ್ ಸಾ, ನಿಮ್ ಪೇಪರ್ನಾಗೆ ಕರೆಂಟ್ ಬಂದೈತೆ, ನಮ್ಮೂರಿಗೆ ಇನ್ನೂ ಬಂದಿಲ್ಲ."

ಭಾವ ನಗಲು ನೋಡಿದರು. "ಸುಳ್ಳೇನಲ್ಲ. ಸ್ವಲ್ಪ ಮುಂಚೆ ಆಯ್ತು, ಅಷ್ಟೆ" ಎಂದು ನನ್ನ ಮುಂದೆ ವಾದಿಸಿದರು.

ಸಂಜೆ ನಂಜುಂಡ ಪೇಪರನ್ನು ನೀಟಾಗಿ ಕತ್ತರಿಸಿಕೊಂಡೇ ಬಂದ. "ಇಷ್ಟ್ ಚೆನ್ನಾಗ್ ನಾವ್ ಯಾವತ್ತೂ ಬಾರ್ಸಿಲ್ಲ ಸಾರ್. ಪೂರ್ಣಿ, ಕಳ್ಸ್‌ಬಿಡಾನ. ಬೆಂಗ್ಳೂರ್ನೋರ್ಗೆ ಇಲ್ಲಿ ಕರೆಂಟ್ ಹೋಗಿದ್ದು ಯಾರ್ ಹೇಳ್ತಾರೆ?"

ಪೂರ್ಣಿ ಆ ತುಂಡನ್ನು ಎರಡು ಸಲ ಓದಿದಳು. ಡ್ರಮ್ಸಿನ ಪ್ಯಾರಾದ ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮಡಿಚಿ ಅವನ ಕೈಗೇ ಕೊಟ್ಟಳು.

"ಬೇಡ ಕಣೋ. ನಾನು ಇದನ್ನ ಬಾರಿಸ್ಲಿಲ್ಲ."

"ಇನ್ನೊಂದ್ ವರ್ಷ ಕಾಯ್ಬೇಕಾಗ್ತದೆ."

"ಕಾಯಾಣ."

ಅಪ್ಪನನ್ನು ಅವಳು ಬೈಯಲಿಲ್ಲ. ಬೈದಿದ್ದರೆ ಭಾವ ಅದಕ್ಕೊಂದು ಸ್ಪಷ್ಟೀಕರಣ ಕೊಟ್ಟು ಪಾರಾಗುತ್ತಿದ್ದರು. ಅವಳು ಒಳಗೆ ಹೋಗಿ ಮಕ್ಕಳ ಟೆಸ್ಟ್ ಪೇಪರ್ ತಿದ್ದುತ್ತಾ ಕೂತಳು. ಭಾವ ಕುರ್ಚಿಯಲ್ಲಿ ಕೂತು ಚಪ್ಪಲಿಯನ್ನು ಒಮ್ಮೆ ಹಾಕಿಕೊಳ್ಳುವುದು, ಒಮ್ಮೆ ಬಿಡುವುದು, ಹೀಗೇ ಮಾಡುತ್ತಿದ್ದರು. ಕಡೆಗೆ ಪತ್ರಿಕೆಯ ಕಚೇರಿಗೆ ಫೋನ್ ಹಚ್ಚಿದರು. ಆ ಕಡೆಯವರು, "ಪ್ರಮಾದಕ್ಕೆ ವಿಷಾದಿಸುತ್ತೇವೆ ಅಂತ ಮೂಲೇಲಿ ಒಂದ್ ಸಾಲು ಹಾಕ್ತೀವಿ ಬಿಡಿ ಸಾರ್" ಎಂದರೆಂದು ಕಾಣುತ್ತದೆ.

"ನೀವ್ಯಾಕ್ರೀ ವಿಷಾದಿಸ್ತೀರಿ?" ಎಂದರು ಭಾವ. "ಹೋಗ್ದೇ ಬರ್ದೋನು ನಾನು. ನಾನು ಹೇಳಿದ ಹಾಗೇ ಬರ್ಕೊಳಿ."

ಮರುದಿನ ಬಂತು: "ಹಳೇಬೀಡಿನಲ್ಲಿ ಭಾನುವಾರ ಸಂಗೀತ ಕಾರ್ಯಕ್ರಮ ನಡೆಯಲಿಲ್ಲ. ವರದಿಗಾರ ಅಲ್ಲಿಗೆ ಹೋಗಿರಲಿಲ್ಲ. ತಪ್ಪು ವರದಿಗಾರನದು." ಅವರ ಇಡೀ ವೃತ್ತಿಯಲ್ಲಿ ಗಣ್ಯರ ಹೆಸರೇ ಇಲ್ಲದ ಸುದ್ದಿ ಅದೊಂದೇ ಇರಬೇಕು. ಅಕ್ಕ ಅದನ್ನು ಓದಿ ಗಂಡನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟಳು.

ಮುಂದಿನ ಭಾನುವಾರ ಅದೇ ಮಂಟಪದಲ್ಲಿ, ಮಧ್ಯಾಹ್ನ ಎರಡೂವರೆಗೆ, ಕಾರ್ಯಕ್ರಮ ಮತ್ತೆ ಇಟ್ಟುಕೊಂಡರು. ಅರ್ಜಿಯ ದಿನ ಮುಗಿದುಹೋಗಿತ್ತು. ಭಾವ ಒಂದೂವರೆಗೇ ಹೋಗಿ ಮೊದಲ ಸಾಲಿನಲ್ಲಿ ಒಬ್ಬರೇ ಕೂತಿದ್ದರು. ನಾನೂ ಅಕ್ಕನೂ ಹೋಗಿ ಪಕ್ಕದಲ್ಲಿ ಕೂತೆವು.

"ಇದು ಎಷ್ಟೊತ್ತು ನಡೆಯತ್ತಯ್ಯ?"

"ಮುಗಿಯೋವರ್ಗೂ, ಭಾವ."

"ಹೌದಾ" ಎಂದು ತಲೆಯಾಡಿಸಿದರು. ನಡುವೆ ಏನಾಗುತ್ತದೆಂದು ತಿಳಿಯದ ಒಂದು ಸಮಾರಂಭಕ್ಕೆ ಬಂದದ್ದು ಅವರಿಗೆ ಹೊಸ ಅನುಭವ. ಎರಡೂವರೆಯ ಕಾರ್ಯಕ್ರಮ ನಾಲ್ಕಕ್ಕೆ ಶುರುವಾಯಿತು. ಅಕ್ಕ ಕಿವಿಗೆ ಹತ್ತಿ ಚಾಚಿದರೆ ಬೇಡವೆಂದರು. ಪೆನ್ನು ತೆಗೆಯಲಿಲ್ಲ. ಮೊದಲೆರಡು ಹಾಡಿಗೆ ಬ್ರೇಕ್ ಹಾಕಿದ ಬಸ್ಸಿನಲ್ಲಿ ಕೂತವರ ಹಾಗೆ ಕುರ್ಚಿಯ ಕೈ ಹಿಡಿದುಕೊಂಡಿದ್ದರು. ಆಮೇಲೆ ಬಿಟ್ಟರು. ಎಂಟೂ ಹಾಡು ಮುಗಿದು, ಜನ ಎದ್ದು, ಹುಡುಗರು ವೈರು ಸುತ್ತಲು ಶುರು ಮಾಡಿದರೂ ಭಾವ ಕೂತೇ ಇದ್ದರು. ಗಂಟೆ ಐದು ದಾಟಿತ್ತು. ಪುಟ ಮುಚ್ಚಿಹೋಗಿತ್ತು.

ಅರಸೀಕೆರೆಯ ಬಸ್ಸಿನಲ್ಲಿ ಅಪ್ಪ ಮಗಳು ಒಂದು ಸೀಟಿನಲ್ಲಿ, ನಾನು ಅಕ್ಕ ಹಿಂದಿನ ಸೀಟಿನಲ್ಲಿ.

"ನಾಲ್ಕನೇ ಹಾಡಲ್ಲಿ," ಎಂದರು ಭಾವ, "ಮಧ್ಯ ಇದ್ದಕ್ಕಿದ್ದಂಗೆ ಕೋಲು ಎತ್ತಿ ಸುಮ್ನಾಗ್ಬಿಟ್ಟೆಯಲ್ಲ. ಯಾಕಮ್ಮ?"

ಪೂರ್ಣಿ ತಿರುಗಿ ಅಪ್ಪನ ಮುಖ ನೋಡಿದಳು.

"ಅಲ್ಲಿ ನಾನು ಬಿಡಬೇಕಪ್ಪ. ಉಳಿದೋರು ಕೇಳಿಸ್ಬೇಕಲ್ಲ."

"ನಂಗೆ ಭಯ ಆಗೋಯ್ತು, ನೀನು ಮರ್ತೆ ಅಂತ."

"ಮರ್ತಿರಲ್ಲ. ಎಣಿಸ್ತಾ ಇರ್ತೀನಿ, ಮನಸ್ಸಲ್ಲೇ." ಅವಳು ಎರಡು ಬೆರಳಲ್ಲಿ ಅಪ್ಪನ ಮೊಣಕಾಲ ಮೇಲೆ ಮೆಲ್ಲಗೆ ಬಡಿಯತೊಡಗಿದಳು. "ನೋಡು, ಹೀಗೆ. ಈಗ ನಿಲ್ಲಿಸ್ತೀನಿ. ಹದಿನಾರು ಎಣಿಸು, ಆಮೇಲೆ ಮತ್ತೆ ಬರ್ತೀನಿ."

ಬೆರಳು ನಿಂತಿತು. ಭಾವನ ತುಟಿ ಅಲ್ಲಾಡುವುದು ಹಿಂದಿನ ಸೀಟಿನಿಂದಲೂ ಕಾಣುತ್ತಿತ್ತು. ಅಷ್ಟರಲ್ಲಿ ಕಂಡಕ್ಟರ್ ಬಂದು ಟಿಕೆಟ್ ಎಂದ. ಭಾವ ಅವನ ಕಡೆ ತಿರುಗಲಿಲ್ಲ. ಕೈಯೆತ್ತಿ, ಸ್ವಲ್ಪ ತಡೆಯಪ್ಪ ಎಂದು ಸನ್ನೆ ಮಾಡಿದರು. ಇನ್ನೂ ಐದು ಎಣಿಕೆ ಉಳಿದಿತ್ತು.