ಖುಲಾಸೆಯಾದ ಸೋದರಮಾವ

ಕೋರ್ಟು ತನ್ನನ್ನು ಬಿಟ್ಟರೂ ತಾನು ಕೋರ್ಟನ್ನು ಬಿಡದ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲದಿದ್ದರೆ ನುಗ್ಗೇಹಳ್ಳಿ ಕಡೆಗೆ ಬನ್ನಿ, ನನ್ನ ತಮ್ಮನನ್ನು ತೋರಿಸುತ್ತೇನೆ!

ನನಗೀಗ ಮೊಮ್ಮಗಳು ಹುಟ್ಟಿದ್ದಾಳೆ. ಹಾಸನದ ಆಸ್ಪತ್ರೆಯಲ್ಲಿ ಅವಳ ಮುಖ ಕಂಡಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಈ ಸಂತೋಷಕ್ಕೆ ಅಡ್ಡ ಬಂದವನೇ ಈ ತಮ್ಮ.

ಊರಿನ ಅಮ್ಮನವರ ಚಿನ್ನದ ತಾಳಿ ಕಳುವಾದ ದಿನ ಗುಡಿ ಬಾಗಿಲು ಹಾಕುವ ಸರದಿ ಅವನದಾಗಿತ್ತು. ಅಷ್ಟೇ ಅವನ ತಪ್ಪು. ವರ್ಷಗಟ್ಟಲೆ ಚನ್ನರಾಯಪಟ್ಟಣದ ಕೋರ್ಟಿಗೆ ಅಲೆದ. ಕೊನೆಗೆ ಸಂಶಯದ ಲಾಭ ಕೊಟ್ಟು ಖುಲಾಸೆ ಮಾಡಿದರು. ನಾವು ಸಿಹಿ ಹಂಚಿದೆವು. ಅವನು ಲಾಯರ ಬೆನ್ನು ಹತ್ತಿದ.

"ಖುಲಾಸೆ ಅಂದ್ರೆ ನಾನು ಕದ್ದಿಲ್ಲ ಅಂತ ತಾನೆ ಸಾ?"

"ಕದ್ದಿದ್ದು ರುಜುವಾತಾಗಲಿಲ್ಲ ಅಂತ. ಬ್ರಿಟಿಷರ ಕಾಲದಿಂದ ಬಂದ ನ್ಯಾಯ ಕಣಯ್ಯ ಇದು. ಹತ್ತು ಜನ ಅಪರಾಧಿಗಳು ತಪ್ಪಿಸಿಕೊಂಡರೂ ಚಿಂತೆಯಿಲ್ಲ, ಒಬ್ಬ ನಿರಪರಾಧಿಗೆ ಶಿಕ್ಷೆಯಾಗಬಾರದು."

"ಅಂಗಾರೆ ನಾನು ಆ ಹತ್ತು ಜನದಾಗೆ ಒಬ್ನಾ, ಇಲ್ಲಾ ಈ ಒಬ್ನಾ?"

ಲಾಯರು ಮುಂದಿನ ಕೇಸಿಗೆ ಎದ್ದು ಹೋದರು!

ಅಲ್ಲಿಂದ ಶುರುವಾಯಿತು ನೋಡಿ. ವಾಯಿದೆ ಇಲ್ಲದಿದ್ದರೂ ಬಸ್ಸು ಹತ್ತಿ ಹೋಗಿ ಕೋರ್ಟಿನ ಮುಂದೆ ಕೂತು ಬರುತ್ತಾನೆ. ಇನ್ನೊಂದು ಸಲ ಕರೆದು, ನೀನು ಕದ್ದಿಲ್ಲ ಎಂದು ಹೇಳಿಯಾರೇ ಎಂಬ ಆಸೆ! ಪಕ್ಕದ ಮನೆಯಿಂದ ಗುದ್ದಲಿ ತರಬೇಕಾದರೂ ಇಬ್ಬರನ್ನು ಸಾಕ್ಷಿಗೆ ಕರೆದು ತೋರಿಸುತ್ತಾನೆ. "ಒಬ್ಬ ಸಾಲ್ದಾ?" ಎಂದರೆ, "ಒಬ್ನೇ ಆದ್ರೆ ಉಲ್ಟಾ ಒಡೆದ್ಬುಡ್ತಾನೆ ಕಣಕ್ಕ!"

ಹೊಳೆನರಸೀಪುರದ ಮದುವೆಯೊಂದರಲ್ಲಿ ಊಟಕ್ಕೆ ಕೂತಾಗ ಪಕ್ಕದ ಹೆಂಗಸು ತನ್ನ ಪರ್ಸನ್ನು ಮಡಿಲಿಗೆ ಎಳೆದುಕೊಂಡಳು. ಸುಮ್ಮನೆ ಎಳೆದುಕೊಂಡಳೋ, ಇವನನ್ನು ಕಂಡೋ, ದೇವರೇ ಬಲ್ಲ. ಪಾಯಸ ಬರುವ ಮುಂಚೆಯೇ ಎದ್ದುಬಿಟ್ಟ. ಪಾಯಸ ಬಿಟ್ಟು ಎದ್ದವರು ನಮ್ಮ ವಂಶದಲ್ಲೇ ಇರಲಿಲ್ಲ!

ಈಗ ಕೂಸಿಗೆ ಕಿವಿ ಚುಚ್ಚಿಸಬೇಕು. ನಮ್ಮಲ್ಲಿ ಅದು ಸೋದರಮಾವನ ತೊಡೆಯ ಮೇಲೆಯೇ ಆಗಬೇಕು. ನನಗೆ ಗಂಡುಮಕ್ಕಳಿಲ್ಲ. ಮಗಳಿಗೆ ಸೋದರಮಾವನಾದ ಇವನೇ ಅವಳ ಕೂಸಿಗೂ ಗತಿ.

"ಚಿನ್ನ ಇರೋ ಕಡೆ ನಾನು ಬರಕ್ಕಿಲ್ಲ. ಓಲೆ ಗೀಲೆ ಕಾಣೆಯಾದ್ರೆ ಎಲ್ರೂ ನನ್ ಮಕಾನೇ ನೋಡ್ತಾರೆ."

"ನೀನು ಬರ್ದಿದ್ರೆ ನನ್ ಮೊಮ್ಮಗಳು ಬೋಳು ಕಿವೀಲೇ ಮದ್ವೆ ಆಗ್ತಾಳೆ, ಓಗ್ಲಾ!"

ಬೈಸಿಕೊಂಡು ಬಂದ. ಅರಕಲಗೂಡಿನಿಂದ ಬಂದ ಬೀಗರು ಪಡಸಾಲೆ ತುಂಬ ಕೂತಿದ್ದರು. ಮಗಳು ಕೂಸನ್ನು ಅವನ ತೊಡೆಗೆ ಹಾಕಿದಳು. ಆಮೇಲೆ ಯಾರನ್ನೂ ಕೇಳದೆ, ಎರಡೂ ಓಲೆಗಳನ್ನು ಅವನ ಅಂಗೈಗೆ ಸುರಿದಳು.

"ಇಡ್ಕಂಡಿರು ಮಾವ, ಅರಿಶಿಣ ತತ್ತೀನಿ," ಎಂದು ಒಳಗೆ ಹೋದಳು.

ಬೀಗರ ಕಣ್ಣೆಲ್ಲ ಆ ಅಂಗೈ ಮೇಲೆ. ತಮ್ಮ ಅದನ್ನು ಎಲ್ಲರಿಗೂ ಕಾಣುವಂತೆ ಮುಂದಕ್ಕೆ ಚಾಚಿದ.

"ಏ ಮಗಾ, ಬೇಗ ಬಾರೇ!"

"ಅವಸರ ಯಾಕ್ ಮಾವ? ಒಲೆ ಮ್ಯಾಲೆ ಹಾಲೈತೆ, ಕಾಯ್ಸಿ ಇಳುಕ್ಕಂಡೇ ಬತ್ತೀನಿ!"

ನಾನು ಓಡಿ ಒಳಗೆ ಹೋದೆ. ಒಲೆಯ ಮೇಲೆ ಹಾಲು ಇರಲೇ ಇಲ್ಲ. ಅರಿಶಿಣದ ಬಟ್ಟಲು ಹಿಡಿದುಕೊಂಡು ನನ್ನ ಮಗಳು ಗೋಡೆಗೊರಗಿ ಸುಮ್ಮನೆ ನಿಂತಿದ್ದಳು.