ಚಿಕ್ಕಪ್ಪನ ವಾಕಿಟಾಕಿ

ನಮ್ಮ ಚಿಕ್ಕಪ್ಪ ನಿವೃತ್ತರಾದ ದಿನ ಕುರ್ಚಿಯಲ್ಲಿ ಕೂತವರು ಇವತ್ತಿನವರೆಗೂ ಎದ್ದಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಊಟಕ್ಕೆ ಎದ್ದಿದ್ದಾರೆ!

ವಡಪಳನಿಯ ಒಂದು ತಮಿಳು ಸಿನಿಮಾ ಸ್ಟುಡಿಯೋದಲ್ಲಿ ಉದ್ದನೆಯ ಕೋಲಿಗೆ ಮೈಕು ಕಟ್ಟಿ, ನಟನಟಿಯರ ನೆತ್ತಿಯ ಮೇಲೆ ಹಿಡಿದು ನಿಲ್ಲುವುದು ಅವರ ಕೆಲಸವಾಗಿತ್ತು. ಜೀವಮಾನವೆಲ್ಲ ಹಾಗೆ ನಿಂತದ್ದರಿಂದ ತಮ್ಮ ಕಾಲಿನ ಕೋಟಾ ಮುಗಿದಿದೆ ಎಂಬುದು ಅವರ ವಾದ. ಸಕ್ಕರೆ ಕಾಯಿಲೆಗೆ ದಿನಾ ಅರ್ಧ ಗಂಟೆ ನಡೆಯಿರಿ ಎಂದ ಡಾಕ್ಟರಿಗೂ ಇದನ್ನೇ ಹೇಳಿ ಬಂದಿದ್ದರು. ಚಿಕ್ಕಮ್ಮ ಬೈದರು, ಅತ್ತರು, ಉಪವಾಸದ ಬೆದರಿಕೆ ಹಾಕಿದರು. ಚಿಕ್ಕಪ್ಪ ಪೇಪರಿನ ಪುಟ ತಿರುಗಿಸಿದರು, ಅಷ್ಟೇ.

ಚಿಕ್ಕಮ್ಮನ ಕಾಲಾದರೋ ಅದಕ್ಕೆ ಉಲ್ಟಾ. ಮದುವೆಯಾಗಿ ಮೈಸೂರಿನಿಂದ ಬಂದಾಗಿನಿಂದ ದಿನಾ ಬೆಳಿಗ್ಗೆ ಮುರುಗನ ಗುಡಿಗೆ ನಡೆದೇ ಹೋಗಿ ಬರುತ್ತಿದ್ದವರು. ಹೋದ ವರ್ಷ ಬೀದಿ ತಿರುವಿನಲ್ಲಿ ಫುಟ್‌ಪಾತಿನ ಕಲ್ಲು ಎಡವಿ ಬಿದ್ದರು. ಮೂಳೆಗೆ ಏನೂ ಆಗಲಿಲ್ಲ, ಆದರೆ ಧೈರ್ಯ ಹೋಯಿತು. ಒಬ್ಬರೇ ಹೋಗಲು ಹೆದರಿಕೆ. ಯಾರಾದರೂ ಜೊತೆಗೆ ಬರುತ್ತೇವೆಂದರೆ ಕೋಪ. "ರೋಗಿ ಥರಾ ಕೈ ಹಿಡ್ಕೊಂಡು ಕರ್ಕೊಂಡು ಹೋಗೋದಾದ್ರೆ ನಂಗೆ ಗುಡೀನೇ ಬೇಡ" ಎಂದುಬಿಟ್ಟರು. ಮೊಬೈಲ್ ಹಿಡಿದು ಹೋಗಿ ಎಂದರೆ ಅದೊಂದು ಕಥೆ. ಕರೆ ಬಂದಾಗ ಅವರು ಗಾಜಿನ ಮೇಲೆ ಬೆರಳು ಎಳೆದರೆ ಒಂದೋ ಕಟ್ಟಾಗುತ್ತದೆ, ಇಲ್ಲವೇ ಇನ್ಯಾರಿಗೋ ಹೋಗುತ್ತದೆ. ಹೀಗೆ ಎಂಟು ತಿಂಗಳು ಚಿಕ್ಕಮ್ಮ ಮೂರನೇ ಮಹಡಿಯ ಬಾಲ್ಕನಿಯಿಂದಲೇ ಗೋಪುರ ಇರುವ ದಿಕ್ಕಿಗೆ ಕೈ ಮುಗಿದರು. ಮಾತೂ ಕಡಿಮೆಯಾಯಿತು. ನಮ್ಮ ಚಿಕ್ಕಮ್ಮನ ಮಾತು ಕಡಿಮೆಯಾಗುವುದೆಂದರೆ ಮನೆಗೆ ಕರೆಂಟು ಹೋದ ಹಾಗೆ.

ಆಗ ಒಂದು ದಿನ ಚಿಕ್ಕಪ್ಪ ಕುರ್ಚಿಯಿಂದ ಎದ್ದರು! ಎರಡು ಬೀದಿ ಆಚೆ ಇರುವ ನನಗೆ ಫೋನ್ ಮಾಡಿ, "ರಿಚ್ಚಿ ಸ್ಟ್ರೀಟಿಗೆ ಹೋಗ್ಬೇಕು, ಆಟೋ ಹೇಳಮ್ಮ" ಎಂದರು. ನನಗೆ ಅವತ್ತು ಶೋಳಿಂಗನಲ್ಲೂರಿನ ಆಫೀಸು. ರಜೆ ಹಾಕಿದೆ. ಇಂಥ ದೃಶ್ಯ ಜೀವನದಲ್ಲಿ ಎರಡು ಸಲ ಸಿಗುತ್ತದೆಯೇ?

ಅಲ್ಲಿನ ಸಾಲು ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೊಂದರಲ್ಲಿ ಅವರು ಕೇಳಿದ್ದು ವಾಕಿಟಾಕಿ. ಲೈಸೆನ್ಸ್ ಬೇಡದ್ದು, ಅಗ್ಗದ್ದು, ಒಂದು ಜೊತೆ. ಅಂಗಡಿಯವನು ಡಬ್ಬಿ ತೋರಿಸಿ, ಬಯಲಿನಲ್ಲಾದರೆ ಮೂರು ಕಿಲೋಮೀಟರ್ ಕೇಳುತ್ತದೆ ಎಂದ. ವಡಪಳನಿಯಲ್ಲಿ ಬಯಲು ಎಲ್ಲಿದೆ ಎಂದು ಚಿಕ್ಕಪ್ಪ ಕೇಳಿದರು. ಅವನು ಬ್ಯಾಟರಿ ಫ್ರೀ ಕೊಟ್ಟ.

ಮನೆಗೆ ಬಂದು ಪರೀಕ್ಷೆ. ಒಂದು ಸೆಟ್ಟು ಗೇಟಿನ ವಾಚ್‌ಮನ್ ಕೈಗೆ, ಇನ್ನೊಂದು ಚಿಕ್ಕಪ್ಪನ ಕೈಗೆ. ಚಿಕ್ಕಪ್ಪ ಗುಂಡಿ ಒತ್ತಿ, ಚೆನ್ನಾಗಿ ಕೇಳಿಸುತ್ತಿದೆಯೇ ಎಂದು ತಮಿಳಿನಲ್ಲಿ ಕೇಳಿ, ಗತ್ತಿನಿಂದ "ಓವರ್" ಎಂದು ಮುಗಿಸಿದರು. ತಮ್ಮ ಮಾತು ಮುಗಿಯಿತು, ಇನ್ನು ನಿನ್ನ ಸರದಿ ಎಂದು ಅದರ ಅರ್ಥ. ಆದರೆ ಈ ಊರಲ್ಲಿ ಯಾರಿಗಾದರೂ ಓವರ್ ಎಂದರೆ, ಅತಿಯಾಗಿ ಆಡುತ್ತಿದ್ದೀಯ ಎಂದು ಬೈದ ಹಾಗೆ! ವಾಚ್‌ಮನ್ ಮುಖ ಸಣ್ಣದು ಮಾಡಿಕೊಂಡು ಮೂರು ಮಹಡಿ ಹತ್ತಿ ಬಂದ. "ನಾನ್ ಎನ್ನ ಸಾರ್ ಓವರಾ ಪಣ್ಣಿಟ್ಟೇನ್?" ತಾನು ಅಂಥದ್ದೇನು ಅತಿ ಮಾಡಿದೆ ಎಂದು ಕೇಳಿ, ಸೆಟ್ಟು ವಾಪಸು ಕೊಟ್ಟು ಹೋದ. ಅವನನ್ನು ಸಮಾಧಾನ ಮಾಡಲು ಎರಡು ಲೋಟ ಕಾಫಿ ಬೇಕಾಯಿತು.

ಚಿಕ್ಕಮ್ಮನಿಗೂ ಪಾಠವಾಯಿತು. ಒತ್ತಿ ಹಿಡಿದು ಮಾತಾಡು, ಬಿಟ್ಟು ಕೇಳು, ಕೊನೆಗೆ ಓವರ್ ಹೇಳು. ಚಿಕ್ಕಮ್ಮ ಒತ್ತಿ ಹಿಡಿಯುವುದನ್ನು ಮಾತ್ರ ಕಲಿತರು. ತಾವು ಗುಂಡಿ ಒತ್ತಿರುವಷ್ಟು ಹೊತ್ತು ಗಂಡ ನಡುವೆ ಬಾಯಿ ಹಾಕಲು ಆಗುವುದೇ ಇಲ್ಲ ಎಂಬ ಮಹಾಸತ್ಯ ಅವರಿಗೆ ಐದೇ ನಿಮಿಷದಲ್ಲಿ ಹೊಳೆದಿತ್ತು. ಅಡುಗೆಮನೆಯಿಂದ ಹಾಲಿಗೆ ಪ್ರಸಾರ ಶುರುವಾಯಿತು. ಮದುವೆಯಲ್ಲಿ ಬೀಗರಿಗೆ ಕಾಫಿ ತಡವಾದದ್ದರಿಂದ ಹಿಡಿದು ಮೊನ್ನೆಯ ಉಪ್ಪಿಲ್ಲದ ಸಾರಿನವರೆಗೆ, ಕುಕ್ಕರಿನ ಮೂರು ಕೂಗಿನ ಸಮೇತ! "ಓವರ್ ಅನ್ನೇ, ಓವರ್ ಅನ್ನೇ" ಎಂದು ಚಿಕ್ಕಪ್ಪ ಕುರ್ಚಿಯಲ್ಲೇ ಒದ್ದಾಡಿದರು. ಕೊನೆಗೆ ಚಿಕ್ಕಮ್ಮ ಅಡುಗೆಮನೆಯಿಂದ ಇಣುಕಿ, "ನನ್ನ ಮಾತು ಎಲ್ಲಿ ಮುಗಿದಿದೆ ಓವರ್ ಅನ್ನೋಕೆ?" ಎಂದು ಕೇಳಿದರು. ಎಂಟು ತಿಂಗಳ ಮೇಲೆ ಆ ಮನೆಗೆ ಕರೆಂಟು ಬಂದಿತ್ತು.

ಇನ್ನೊಂದು ಸಲ ಪಕ್ಕದ ಕಲ್ಯಾಣ ಮಂಟಪದ ಅಡುಗೆಯವರ ಸೆಟ್ಟೂ ಇದೇ ಚಾನೆಲ್ಲಿಗೆ ಬಂತು. ಪಾಯಸ ಸಾಲುತ್ತಿಲ್ಲ ಎಂದು ಯಾರೋ ಗೋಳಾಡುತ್ತಿದ್ದರು. ಚಿಕ್ಕಪ್ಪ ಸುಮ್ಮನಿರುತ್ತಾರೆಯೇ? ಹಾಲು ಸೇರಿಸಿ ಎಂದು ತಮಿಳಿನಲ್ಲಿ ಅಪ್ಪಣೆ ಕೊಟ್ಟರು. ಆ ಕಡೆಯಿಂದ ವಿನಯದಿಂದ "ಸರಿಂಗ ಸಾರ್" ಎಂದು ಉತ್ತರ ಬಂತು. ಒಂದು ಮದುವೆಯ ಮಾನ ಉಳಿಸಿದೆ ಎಂದು ಒಂದು ವಾರ ಹೇಳಿಕೊಂಡರು. ಆಮೇಲೆ ಚಾನೆಲ್ ಬದಲಾಯಿಸಿದರು.

ಕಡೆಗೆ ಒಂದು ಮಂಗಳವಾರ ಚಿಕ್ಕಮ್ಮ ಸೆಟ್ಟನ್ನು ಹೂವಿನ ಬುಟ್ಟಿಯಲ್ಲಿಟ್ಟುಕೊಂಡು, ಒಬ್ಬರೇ ಮೆಟ್ಟಿಲಿಳಿದು ಗುಡಿಗೆ ಹೊರಟರು. ದಾರಿಯುದ್ದಕ್ಕೂ ಗುಂಡಿ ಒತ್ತಿ ವರದಿ ಕೊಡುವುದು, ಚಿಕ್ಕಪ್ಪ ಕುರ್ಚಿಯಿಂದ ಧೈರ್ಯ ಹೇಳುವುದು ಎಂದು ಒಪ್ಪಂದ. ಹೋದರು, ಬಂದರು, ಎಲ್ಲರಿಗೂ ಪ್ರಸಾದ ಹಂಚಿದರು. ಮರುದಿನವೂ ಹೋದರು. ಅದರ ಮರುದಿನವೂ. ಚಿಕ್ಕಪ್ಪನ ಜಂಬ ಕೇಳಬೇಕೆ! ಗುಡಿಯವರೆಗೂ ಗಂಟೆ ಹೊಡೆದ ಹಾಗೆ ಕೇಳಿಸುತ್ತದೆ, ಟವರ್ ಬೇಡ, ಸಿಮ್ ಬೇಡ ಎಂದು ಇಡೀ ಅಪಾರ್ಟ್‌ಮೆಂಟಿಗೆ ಸಾರಿದರು. ಕೇಳಿದವರಲ್ಲಿ ಮೂವರು ಅದೇ ಸೆಟ್ಟು ಕೊಂಡು ತಂದರು. ಅವರದ್ದು ಮಾತ್ರ ಎರಡು ಬೀದಿ ದಾಟಿದರೆ ಬರೀ ಗೊರಗೊರ. ಹಿಡಿಯುವ ಕೈ ಸರಿಯಿಲ್ಲ ಎಂದು ಚಿಕ್ಕಪ್ಪ ಅವರನ್ನೇ ಬೈದರು.

ನನಗೂ ಒಂದು ಅನುಮಾನವಿತ್ತು. ಬೆಳಿಗ್ಗೆ ಹೋದಾಗಲೆಲ್ಲ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತ ಮನುಷ್ಯ ಹಾಗೆ ಬೆವರುವುದೇಕೆ? ಒಂದು ಸಲ ಪೇಪರು ತಲೆಕೆಳಗಾಗಿತ್ತು.

ಮನೆಯಿಂದಲೇ ಕೆಲಸವಿದ್ದ ಒಂದು ಬೆಳಿಗ್ಗೆ ಸೊಪ್ಪು ತರಲು ಗುಡಿಯ ಬೀದಿಗೆ ಹೋದೆ. ಕೊಂಡು ತಿರುಗಿದರೆ ಕಬ್ಬಿನ ಹಾಲಿನ ಗಾಡಿಯ ಹಿಂದೆ ನಮ್ಮ ಚಿಕ್ಕಪ್ಪ! ತಲೆಗೆ ಟೋಪಿ, ಬಾಯಿಯ ಹತ್ತಿರ ಸೆಟ್ಟು. "ನಾನು ಕುರ್ಚೀಲೇ ಇದ್ದೀನಿ. ಕ್ಲಿಯರಾಗಿ ಕೇಳಿಸ್ತಿದೆ. ಧೈರ್ಯವಾಗಿ ಬಾ. ಓವರ್."

ಐವತ್ತು ಹೆಜ್ಜೆ ಮುಂದೆ ಚಿಕ್ಕಮ್ಮ ಗುಡಿ ಮುಗಿಸಿ ಮನೆಯ ಕಡೆ ನಡೆಯುತ್ತಿದ್ದರು. ನನ್ನನ್ನು ಕಂಡದ್ದೇ ಚಿಕ್ಕಪ್ಪ ಸ್ಟುಡಿಯೋ ದಿನಗಳ ಹಾಗೆ ತುಟಿಯ ಮೇಲೆ ಬೆರಳಿಟ್ಟರು. ಸೈಲೆನ್ಸ್! ನಾನು ನಗು ನುಂಗಿಕೊಂಡು, ಅವರನ್ನು ದಾಟಿ, ಹೂವಿನಂಗಡಿಯ ಮುಂದೆ ನಿಂತಿದ್ದ ಚಿಕ್ಕಮ್ಮನ ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು.

"ಹಿಂದೆ ಬರ್ತಿದಾರಾ?"

ನನ್ನ ಕೈಲಿದ್ದ ಸೊಪ್ಪು ಬೀಳುವುದೊಂದು ಬಾಕಿ.

"ಮೊದಲ ದಿನವೇ ಗೊತ್ತಾಯ್ತು ಕಣೇ. ಗುಡಿ ಗಂಟೆ ನನ್ನ ಕಿವಿಗೂ ಕೇಳಿಸ್ತು, ಅವರು ಮಾತಾಡ್ವಾಗ ನನ್ನ ಸೆಟ್ಟಲ್ಲೂ ಕೇಳಿಸ್ತು. ನಮ್ಮನೆ ಕುರ್ಚಿ ಪಕ್ಕ ಗಂಟೆ ಎಲ್ಲಿದೆ?"

ಹಾಗಾದರೆ ಹೇಳಬಾರದೇ, ಹೆದರಿಕೆ ಹೋಗಿಲ್ಲವೇ ಎಂದು ಕೇಳಿದೆ. ಹೆದರಿಕೆ ಹೋಗಿ ತಿಂಗಳಾಯಿತಂತೆ. ಚಿಕ್ಕಮ್ಮ ದನಿ ತಗ್ಗಿಸಿದರು. "ಹೇಳಿದ್ರೆ ನಾಳೆಯಿಂದ ಮತ್ತೆ ಕುರ್ಚಿ. ಸಕ್ಕರೆ ಎಷ್ಟು ಇಳಿದಿದೆ ಅಂತ ಡಾಕ್ಟ್ರೇ ಆಶ್ಚರ್ಯಪಟ್ರು. ಟಾಕಿಂಗ್ ನಂದು, ವಾಕಿಂಗ್ ಅವರದು. ಅದಕ್ಕೇ ತಾನೇ ಈ ಸೆಟ್ಟಿಗೆ ಆ ಹೆಸರು?"

ಮನೆಗೆಂದು ಕೊಂಡ ಹೂವು ಕಟ್ಟಿ ಕೊಟ್ಟಾಗಿತ್ತು. ಆದರೂ ಚಿಕ್ಕಮ್ಮ ಹೊರಡಲಿಲ್ಲ. ಹೂವಾಡಗಿತ್ತಿಯ ಮೊಮ್ಮಕ್ಕಳನ್ನೆಲ್ಲ ಒಬ್ಬೊಬ್ಬರನ್ನಾಗಿ ವಿಚಾರಿಸುತ್ತ ನಿಂತರು. ಬಿಸಿಲೇರುತ್ತಿದೆ, ಹೋಗೋಣ ಎಂದೆ.

"ಸ್ವಲ್ಪ ಇರು. ನಾನು ಹೋಗೋಷ್ಟರಲ್ಲಿ ಅವರು ಹಿಂದಿನ ಗಲ್ಲೀಲಿ ಹೋಗಿ, ಮೂರು ಮಹಡಿ ಹತ್ತಿ, ಕುರ್ಚೀಲಿ ಕೂತಿರ್ಬೇಕಲ್ಲ. ಪಾಪ, ಮಂಡಿ ನೋವು ಬೇರೆ."

ಆಮೇಲೆ ಸೆಟ್ಟು ಎತ್ತಿ ಗುಂಡಿ ಒತ್ತಿದರು. ಕಬ್ಬಿನ ಗಾಡಿಯ ಕಡೆ ತಪ್ಪಿಯೂ ತಿರುಗಿ ನೋಡಲಿಲ್ಲ. "ಈಗ ಹೊರಡ್ತಿದೀನಿ. ನಿಧಾನವಾಗಿ ಬರ್ತೀನಿ, ಯಾರಿಗೂ ಅವಸರ ಇಲ್ಲ" ಎಂದರು. ಗುಂಡಿ ಬಿಡಲು ಹೋದವರು ಮತ್ತೆ ಒತ್ತಿ ಹಿಡಿದು, ನನ್ನ ಎದುರಿಗೇ, ಮೊಟ್ಟಮೊದಲ ಸಲ ಹೇಳಿದರು.

"ಓವರ್."