ಗೋಕುಲ ರಸ್ತೆಯ ಹಿಮಾಲಯ

ಹುಬ್ಬಳ್ಳಿಯಲ್ಲಿ ಹಿಮಾಲಯ ಏರಿದ ಒಬ್ಬನೇ ಮನುಷ್ಯ ನಮ್ಮ ಕಾಕಾ. ನಗಬೇಡಿ! ಸುಡುವ ಬೇಸಿಗೆಯಲ್ಲಿ, ಗೋಕುಲ ರಸ್ತೆಯ ಬಯಲಿನಲ್ಲಿ, ಕೊರಳಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಮುನ್ನೂರು ಜನರೆದುರು ಏರಿದರು. ಮುನ್ನೂರು ಎಂದೆನೆ? ನನ್ನ ಆಗಿನ ಡೈರಿಯಲ್ಲಿ ‘ಬಹಳ ಮಂದಿ’ ಎಂದಷ್ಟೇ ಇದೆ. ಉಳಿದವರನ್ನು ಇಷ್ಟು ವರ್ಷ ನಾನೇ ಸಾಕಿ ಬೆಳೆಸಿರಬೇಕು. ಡೈರಿಯ ಇಸವಿಯನ್ನು ಇಲಿ ತಿಂದಿದೆ. ನಾನಾಗ ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೆ, ಆದ್ದರಿಂದ ಅರವತ್ತರ ಆಸುಪಾಸು ಎಂದುಕೊಳ್ಳಿ.

ಕಾಕಾ ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರರು. ಅವರಷ್ಟು ಚಳಿಗೆ ಹೆದರುವ ಪ್ರಾಣಿಯನ್ನು ನಾನು ಕಂಡಿಲ್ಲ. ಧಾರವಾಡದ ನಮ್ಮ ಮಾಳಮಡ್ಡಿಯ ಮಂದಿಯೆಲ್ಲ ಸೆಕೆ ತಾಳದೆ ಅಂಗಳದಲ್ಲಿ ಹಾಸಿಗೆ ಹಾಕುವ ದಿನಗಳಲ್ಲಿ ಇವರು ಕೋಣೆಯ ಕಿಟಕಿಯ ಸಂದಿಗೆ ಹಳೆಯ ಪತ್ರಿಕೆ ತುರುಕುತ್ತಿದ್ದರು. ಪಾಠ ಹಿಮಾಲಯಕ್ಕೆ ಬಂದ ದಿನ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಳ್ಳುತ್ತಿದ್ದರಂತೆ, ಸಹಾರಾ ಬಂದಾಗಲೇ ಬಿಚ್ಚುತ್ತಿದ್ದರಂತೆ. ಇದು ಅವರ ವಿದ್ಯಾರ್ಥಿಗಳು ಹೇಳಿದ್ದು, ನಾನು ಕಂಡದ್ದಲ್ಲ. ಆದರೆ ನಂಬುವುದಕ್ಕೆ ಏನೂ ಕಷ್ಟವಾಗಲಿಲ್ಲ.

ಇಂಥವರು ಬರ್ಫದ, ಅಂದರೆ ಮಂಜುಗಡ್ಡೆಯ, ಗುಡ್ಡ ಏರುವ ಸ್ಪರ್ಧೆಗೆ ಹೆಸರು ಕೊಟ್ಟಿದ್ದಾರೆಂದು ತಿಳಿದಾಗ ನಮ್ಮ ತಂದೆ ಉಣ್ಣುವ ತುತ್ತನ್ನು ಕೈಯಲ್ಲೇ ಹಿಡಿದು ಕುಳಿತರು.

ಸ್ಪರ್ಧೆ ಹುಟ್ಟಿದ್ದು ಹೀಗೆ. ಗೋಕುಲ ರಸ್ತೆಯ ಕಡೆ ಬರ್ಫದ ಕಾರ್ಖಾನೆ ಇಟ್ಟವರೊಬ್ಬರಿಗೆ ಧರ್ಮಕಾರ್ಯ ಮಾಡುವ ಮನಸ್ಸಾಯಿತು. ಬರ್ಫದ ಗಡ್ಡೆಗಳನ್ನು ಪೇರಿಸಿ ಎರಡಾಳೆತ್ತರದ ಗುಡ್ಡ ಕಟ್ಟುವುದು, ನೋಡಬಂದವರ ಟಿಕೆಟ್ಟಿನ ಹಣ ಅನಾಥ ಮಕ್ಕಳಿಗೆ. ಅದರ ಮೇಲೆ ಅರಿವೆ-ಬಟ್ಟೆಯ ಅಂಗಡಿಯ ಸಾವಕಾರರೊಬ್ಬರು ಇನ್ನೊಂದು ಮಾತು ಸೇರಿಸಿದರು. ತುದಿ ಮುಟ್ಟಿದವರು ಯಾವ ಸಂಸ್ಥೆಯ ಹೆಸರು ಹೇಳುತ್ತಾರೋ ಆ ಸಂಸ್ಥೆಗೆ ಒಂದು ಹೊಲಿಗೆ ಯಂತ್ರ ದಾನ. ಯಾರೂ ಮುಟ್ಟದಿದ್ದರೆ ಯಂತ್ರವೂ ಇಲ್ಲ.

ನಮ್ಮ ಮನೆಯಲ್ಲಿ ಅತ್ಯಾ ಇದ್ದಳು. ತಂದೆಗೂ ಕಾಕಾಗೂ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು. ನಲವತ್ತು ದಾಟಿದ ಮೇಲೆ ಮಾಳಮಡ್ಡಿಯ ಹೊಲಿಗೆ ವರ್ಗಕ್ಕೆ ಸೇರಿದ್ದಳು. ಅಲ್ಲಿ ಹದಿನಾಲ್ಕು ಹೆಂಗಸರಿಗೆ ಒಂದೇ ಯಂತ್ರ. ಎರಡು ವಾರಕ್ಕೊಮ್ಮೆ ಪಾಳಿ ಬರುವಷ್ಟರಲ್ಲಿ ಹಿಂದೆ ಕಲಿತದ್ದು ಮರೆತಿರುತ್ತಿತ್ತು. ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಾಗಲೂ ಅವಳ ಕಾಲು ಇಲ್ಲದ ಯಂತ್ರವನ್ನು ತುಳಿಯುತ್ತಿತ್ತು. ಕಾಕಾ ತಮ್ಮ ಅರ್ಜಿಯಲ್ಲಿ ಆ ವರ್ಗದ ಹೆಸರು ಬರೆದಿದ್ದರು. ಕೇಳಿದರೆ ಮಾತ್ರ, ಭೂಗೋಳ ಕಲಿಸುವವನು ಒಮ್ಮೆಯಾದರೂ ಬರ್ಫದ ಮೇಲೆ ನಿಂತಿರಬೇಕೋ ಬೇಡವೋ ಎಂದು ನಮ್ಮನ್ನೇ ಗದರಿಸಿದರು.

ಅಭ್ಯಾಸ ಶುರುವಾಯಿತು. ಧಾರವಾಡದಲ್ಲಿ ಹಿಮ ಎಲ್ಲಿ ಸಿಗಬೇಕು? ಹಿತ್ತಲಿನ ಒಗೆಯುವ ಕಲ್ಲನ್ನು ಓರೆಯಾಗಿ ನಿಲ್ಲಿಸಿ, ಅದಕ್ಕೆ ಸಾಬೂನು ಹಚ್ಚಿ, ಕಾಲಿಗೆ ಗೋಣಿಯ ಚೂರು ಕಟ್ಟಿಕೊಂಡು ಏರಿದರು. ಇಳಿದದ್ದು ಏರಿದ್ದಕ್ಕಿಂತ ಬಹಳ ಲಗು. ಬೀಳುವಾಗ ಆಧಾರಕ್ಕೆಂದು ಬಟ್ಟೆ ಒಣಹಾಕುವ ಹಗ್ಗ ಹಿಡಿದರು. ಹಗ್ಗವೂ ಬಂತು, ತಂದೆಯವರ ಎರಡು ಧೋತರಗಳೂ ಬಂದವು.

“ಹುಬ್ಬಳ್ಳಿ ಮುಟ್ಟೂತನಕರೆ ಕಾಲು ಉಳಿಸ್ಕೋಳೋ, ತಮ್ಮಾ,” ಎಂದರು ತಂದೆ, ಧೋತರ ಜಾಡಿಸುತ್ತ.

ಸ್ಪರ್ಧೆಯ ದಿನ ನಾನು, ಅತ್ಯಾ ಹೆಂಗಸರ ಕಡೆ ಮುಂದಿನ ಸಾಲಿನಲ್ಲೇ ಕುಳಿತೆವು. ಗುಡ್ಡ ನಿಜಕ್ಕೂ ಭವ್ಯವಾಗಿತ್ತು, ಮೇಲೆ ಮುಚ್ಚಿದ್ದ ಭತ್ತದ ಹೊಟ್ಟು ಉದುರಿಸಿಕೊಂಡು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅದು ಕರಗದಿರಲೆಂದು ಮೇಲೆಲ್ಲ ಹರಳುಪ್ಪು ಎರಚಿದ್ದರು. ಮದುವೆಮನೆಯಲ್ಲಿ ಐಸ್‌ಕ್ರೀಮ್ ತಿರುಗಿಸುವಾಗ ಬರ್ಫಕ್ಕೆ ಉಪ್ಪು ಹಾಕುತ್ತಾರಲ್ಲ, ಉಪ್ಪು ಬಿದ್ದರೆ ಥಂಡಿ ಹೆಚ್ಚುತ್ತದಲ್ಲ, ಅದೇ ಲೆಕ್ಕ! ಈ ಸಲಹೆ ಕೊಟ್ಟವರು ಯಾರು? ನಮ್ಮ ಕಾಕಾನೇ. ಉಪ್ಪು ಬರ್ಫವನ್ನು ಕರಗಿಸುತ್ತದೆಂದು ಅವರಿಗೆ ಗೊತ್ತಿರಲಿಲ್ಲವೆ? ಮುಂದೆ ಎಷ್ಟೋ ಸಲ ಕೇಳಿದ್ದೇನೆ. ತಮ್ಮದು ಭೂಗೋಳ, ರಸಾಯನವಲ್ಲ ಎಂದುಬಿಡುತ್ತಿದ್ದರು. ತಮ್ಮ ಸರದಿ ಎಲ್ಲರಿಗಿಂತ ಕೊನೆಗಿರಲಿ ಎಂದು ಕೇಳಿಕೊಂಡದ್ದೂ ಇವರೇ ಎಂಬುದು ನೆನಪಾದಾಗ ನನಗೆ ಈಗಲೂ ಸಂಶಯ ಬರುತ್ತದೆ.

ಆಮೇಲೆ ಭಾಷಣಗಳು. ನಮ್ಮ ಕಡೆ ಯಾವ ಒಳ್ಳೆಯ ಕೆಲಸವೂ ಸ್ವಾಗತ, ಪರಿಚಯ, ಮಾಲಾರ್ಪಣೆ, ಅಧ್ಯಕ್ಷರ ನುಡಿ ಇಲ್ಲದೆ ಶುರುವಾಗಿದ್ದುಂಟೆ? ಸ್ವಾಗತ ಮುಗಿಯುವಾಗ ಗುಡ್ಡ ಒಂದು ಮೊಳ ಇಳಿಯಿತು. ಅತಿಥಿಗಳು ಹಿಮಾಲಯದಂತೆ ಅಚಲವಾದ ದಾನಬುದ್ಧಿ ಎಂದು ಶುರುಮಾಡಿದಾಗ ಹಿಂದಿನಿಂದ ಒಂದು ಗಡ್ಡೆ ಜಾರಿ ಅವರ ಕುರ್ಚಿಯ ತನಕ ಬಂತು.

ಅಂತೂ ಸೀಟಿ ಊದಿದರು. ಮೊದಲು ಒಬ್ಬ ಪೈಲ್ವಾನರು. ಗರಡಿಗೆ ಹೊಲಿಗೆ ಯಂತ್ರ ಯಾಕೆಂದು ಯಾರೋ ಕೇಳಿದ್ದಕ್ಕೆ ಲಂಗೋಟಿ ಹೊಲಿಯಲಿಕ್ಕೆ ಎಂದರಂತೆ. ಅವರು ಅರ್ಧ ಏರಿ, ಎದೆಯ ಮೇಲೆ ಜಾರುತ್ತ ಬಂದರು. ಮುಂದಿನ ಮೂವರು ಅಷ್ಟೂ ಏರಲಿಲ್ಲ. ಕಾಕಾನ ಹೆಸರು ಕೂಗುವ ಹೊತ್ತಿಗೆ ಗುಡ್ಡ ಅವರ ಭುಜದೆತ್ತರಕ್ಕೆ ಇಳಿದಿತ್ತು. ಆದರೆ ಎಣ್ಣೆ ಸುರಿದ ಹಾಗೆ ನುಣುಪು. ಎರಡು ಸಲ ಬಿದ್ದರು. ಗೋಣಿಯ ಚೂರು ಕಳಚಿ ಎತ್ತಲೋ ಹೋಯಿತು. ಮೂರನೆಯ ಸಲ ಬರಿಗಾಲಿನಲ್ಲಿ, ಮಂಡಿಯೂರಿ, ಹೊಟ್ಟೆಯ ಮೇಲೆ ತೆವಳಿ, ಹೇಗೋ ತುದಿಗೆ ಹೋಗಿ ಎದ್ದು ನಿಂತರು. ಪಕ್ಕದಲ್ಲಿ ಅತ್ಯಾ ನನ್ನ ಮುಂಗೈ ಹಿಡಿದಿದ್ದಳು. ನನ್ನ ಬಳೆಯೊಂದು ಒಡೆದದ್ದು ನನಗೆ ಮನೆಗೆ ಹೋದ ಮೇಲೆ ತಿಳಿಯಿತು.

ಜನ ಚಪ್ಪಾಳೆ ಹೊಡೆದರು. ಸಾವಕಾರರು ಹೊಡೆಯಲಿಲ್ಲ.

“ಮಾಸ್ತರ, ಇದು ಗುಡ್ಡ ಅಂತ ಹೆಂಗ ಅನ್ನೂದ್ರಿ? ನಮ್ಮ ಅಂಗಡಿ ಕಟ್ಟಿ ಇದಕ್ಕಿಂತ ಎತ್ತರ ಅದ.”

ಕಾಕಾ ಮೇಲಿನಿಂದಲೇ ಪಾಠ ಶುರುಮಾಡಿದರು. “ಸಾವಕಾರ್ರ, ಸವೆಯೂದು ಗುಡ್ಡದ ಧರ್ಮ. ಹಿಮಾಲಯನೂ ದಿನಾ ಸವೀಲಿಕ್ಕತ್ತದ. ಅದನ್ನ ಯಾರರೆ ಗುಡ್ಡ ಅಲ್ಲ ಅಂದಾರೇನ್ರಿ?”

“ಇಳದ ಬರ್ರಿ, ಮಾತಾಡೂಣು.”

“ಯಂತ್ರ ಕೊಟ್ಟೆ ಅನ್ರಿ, ಇಳೀತೇನಿ.”

ಸಂಘಟಕರು ಅಲ್ಲೇ ಸಭೆ ಸೇರಿದರು. ಗುಡ್ಡವನ್ನು ಅಳೆಯಬೇಕಾದ್ದು ಬೆಳಗ್ಗೆಯೋ ಈಗಲೋ ಎಂದು ಒಬ್ಬರು, ನಿಯಮದಲ್ಲಿ ಎತ್ತರ ಬರೆದೇ ಇಲ್ಲವೆಂದು ಇನ್ನೊಬ್ಬರು, ಉಪಸಮಿತಿ ನೇಮಿಸೋಣವೆಂದು ಮತ್ತೊಬ್ಬರು. ಚಳಿಗೆ ಕಿಟಕಿಯ ಸಂದಿ ಮುಚ್ಚುವ ಮನುಷ್ಯ ಬರಿಗಾಲಿನಲ್ಲಿ ಬರ್ಫದ ಮೇಲೆ ನಿಂತೇ ಇದ್ದರು. ತುಟಿ ನೀಲಿಯಾಗಿತ್ತು. ಅರ್ಧ ತಾಸು ಹಾಗೆಯೇ ನಿಂತರೆಂದು ನನ್ನ ನೆನಪು, ಹತ್ತು ನಿಮಿಷವಿರಬಹುದು. ಕೊನೆಗೆ ಸಾವಕಾರರು ಕೈಮುಗಿದು, ಕೊಟ್ಟೆ ಮಾರಾಯರ, ಇಳೀರಿ ಅಂದಾಗ ಕಾಕಾ ಇಳಿಯುವ ಪ್ರಸಂಗವೇ ಉಳಿದಿರಲಿಲ್ಲ. ಗುಡ್ಡವೇ ಅವರನ್ನು ನೆಲಕ್ಕೆ ತಂದು ಬಿಟ್ಟಿತ್ತು!

ಡೈರಿಯ ಪುಟ ‘ಯಂತ್ರ ಸಿಕ್ಕಿತು. ಬಸ್ಸು ತಡ’ ಎಂದು ಮುಗಿಯುತ್ತದೆ. ಮುಂದಿನದನ್ನು ಯಾಕೆ ಬರೆಯಲಿಲ್ಲವೋ ತಿಳಿಯದು. ಬರೆಯದೇ ಇದ್ದುದನ್ನು ನಂಬಬಾರದೆಂದು ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ. ಆದರೂ ಇದೊಂದನ್ನು ನಂಬುತ್ತೇನೆ.

ಧಾರವಾಡದ ಬಸ್ಸಿನಲ್ಲಿ ಎದುರುಬದುರು ಸೀಟು. ಕಾಕಾನ ಹಲ್ಲು ಕಟಕಟ ಎನ್ನುತ್ತಿತ್ತು. ಉಣಕಲ್ ದಾಟಿದ ಮೇಲೆ ಅತ್ಯಾ ಬಾಗಿ ಅವರ ಎರಡೂ ಪಾದಗಳನ್ನು ಎತ್ತಿ ತನ್ನ ಉಡಿಯಲ್ಲಿಟ್ಟುಕೊಂಡು, ಸೆರಗಿನಿಂದ ಒರೆಸಿ, ಅಂಗಾಲು ತಿಕ್ಕತೊಡಗಿದಳು. ಬಸ್ಸಿನ ತುಂಬ ಮಂದಿ. ಕಾಕಾ ಗಾಬರಿಯಾಗಿ ಕಾಲು ಎಳೆದುಕೊಂಡರು.

“ಅಕ್ಕಾ, ಏನ ಮಾಡ್ತಿ? ನೀ ಹಿರ್ಯಾಕಿ. ನನ್ನ ಕಾಲು ಮುಟ್ಟಬಾರದು.”

“ಸುಮ್ಮ ಕೂಡು. ಅವ್ವಗ ಆರಾಮ ಇರಲಿಲ್ಲ ಆವಾಗ. ಈ ಕಾಲಿಗೆ ನಡಿಯೂದು ಕಲಿಸಿದಾಕಿ ನಾನು.”

ಕಾಕಾ ಮತ್ತೆ ಕಾಲು ಎಳೆದುಕೊಳ್ಳಲಿಲ್ಲ. ಕಂಡಕ್ಟರ್ ಟಿಕೆಟ್ಟು ಹರಿಯುತ್ತ ನಮ್ಮ ತನಕ ಬಂದ, ನಿಂತ, “ಆಮ್ಯಾಲೆ ಬರ್ತೇನ್ರಿ” ಎಂದು ಮುಂದಿನ ಸೀಟಿಗೆ ಹೋದ.